ಜರ್ಮನಿಯ ಯಹೂದಿಗಳು ಸಮಯ ಇದ್ದಾಗಲೇ ಏಕೆ ಹೊರಡಲಿಲ್ಲ?

ಪ್ರಶ್ನೆ: ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಯಹೂದಿಗಳ ಸಾಮೂಹಿಕ ಹತ್ಯೆ ಶುರುವಾದದ್ದು 1941ರಲ್ಲಿ. ನಡುವೆ ಎಂಟು ವರ್ಷ ಇತ್ತು. ಓದಿದವರು, ದುಡ್ಡಿದ್ದವರು, ಹೊರದೇಶದಲ್ಲಿ ನೆಂಟರಿದ್ದವರು ಆಗಲೇ ಏಕೆ ಜರ್ಮನಿ ಬಿಡಲಿಲ್ಲ? ಭಾರತಕ್ಕೆ, ಅದರಲ್ಲೂ ನಮ್ಮ ಕಡೆಗೆ, ಯಾರಾದರೂ ಬಂದರೇ?

ಉತ್ತರ: ಮೊದಲು ಪ್ರಶ್ನೆಯೊಳಗೇ ಅಡಗಿರುವ ಒಂದು ಊಹೆಯನ್ನು ತಿದ್ದಬೇಕು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಟೇ ಹೋದರು. 1933ರ ಆರಂಭದಲ್ಲಿ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5.2 ಲಕ್ಷ. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. 1941ರ ಅಕ್ಟೋಬರಿನಲ್ಲಿ ದೇಶ ಬಿಡುವುದನ್ನೇ ನಿಷೇಧಿಸಿದಾಗ ಉಳಿದಿದ್ದವರು ಸುಮಾರು 1.63 ಲಕ್ಷ. ನಡುವಿನ ವರ್ಷಗಳಲ್ಲಿ ಗಡಿ ದಾಟಿದವರು 2.7 ಲಕ್ಷದಿಂದ 3 ಲಕ್ಷದವರೆಗೆ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಮುದುಕರೇ ಹೆಚ್ಚಿದ್ದ ಸಮುದಾಯ. ಹುಟ್ಟಿಗಿಂತ ಸಾವು ಹೆಚ್ಚಾಗಿ ಉಳಿದ ಸಂಖ್ಯೆ ಇನ್ನಷ್ಟು ಇಳಿಯಿತು.

ಇನ್ನೊಂದು ಮಾತು. ಕೊಲ್ಲಲ್ಪಟ್ಟ ಸುಮಾರು 60 ಲಕ್ಷ ಯಹೂದಿಗಳಲ್ಲಿ ಜರ್ಮನ್ ಯಹೂದಿಗಳು ನೂರಕ್ಕೆ ಮೂವರಷ್ಟೂ ಇಲ್ಲ. ಅತಿ ದೊಡ್ಡ ಪಾಲು ಪೋಲೆಂಡಿನವರದು, ಸುಮಾರು 30 ಲಕ್ಷ. ಅವರ ಮುಂದೆ ಎಂಟು ವರ್ಷದ ಅವಕಾಶ ಇರಲೇ ಇಲ್ಲ. 1939ರ ಸೆಪ್ಟೆಂಬರ್ 1ರಂದು ಜರ್ಮನ್ ಸೇನೆ ಅವರ ಮನೆಬಾಗಿಲಿಗೇ ಬಂದಿತು. ಸೋವಿಯೆತ್ ನೆಲದವರಿಗೆ ಅದೇ ಗತಿ 1941ರ ಜೂನ್ 22ರಂದು ಬಂತು. ಹಾಗಾಗಿ ‘ಏಕೆ ಹೊರಡಲಿಲ್ಲ’ ಎಂಬ ಪ್ರಶ್ನೆ ಸಲ್ಲುವುದು ಜರ್ಮನಿಗೆ, 1938ರ ಮಾರ್ಚ್ ನಂತರ ಆಸ್ಟ್ರಿಯಾಗೆ, 1939ರ ಮಾರ್ಚ್ ನಂತರ ಜೆಕ್ ಪ್ರದೇಶಕ್ಕೆ ಮಾತ್ರ.

ಆ ಮೂರು ಕಡೆಯ ಮಟ್ಟಿಗೆ ಉತ್ತರದ ತಿರುಳು ಇದು: ನಾಜಿ ಸರ್ಕಾರಕ್ಕೆ ಯಹೂದಿಗಳನ್ನು ಓಡಿಸಬೇಕಿತ್ತು, ದೋಚಲೂಬೇಕಿತ್ತು. ದೋಚಿದಷ್ಟೂ ಓಡಿಸುವುದು ಕಷ್ಟವಾಯಿತು. ಬರಿಗೈಯಲ್ಲಿ ಬಂದವರನ್ನು ಒಳಗೆ ಬಿಟ್ಟುಕೊಳ್ಳುವ ದೇಶ ಆಗ ಹೆಚ್ಚುಕಡಿಮೆ ಯಾವುದೂ ಇರಲಿಲ್ಲ.

ಅದಕ್ಕೆ ಮೊದಲು, ಆರಂಭದ ವರ್ಷಗಳಲ್ಲಿ ಜನ ಏಕೆ ಕಾದು ನೋಡಿದರು ಎಂಬುದನ್ನು ಹೇಳಬೇಕು. ‘ಮೋಸ ಹೋದರು’, ‘ಕುರುಡರಾಗಿದ್ದರು’ ಎಂದು ಈಗ ಹೇಳುವುದು ಸುಲಭ. ಅವರಿಗೆ ದ್ವೇಷದ ಪರಿಚಯ ಚೆನ್ನಾಗಿಯೇ ಇತ್ತು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಒಂದಾದಾಗ ಯಹೂದಿಗಳಿಗೆ ಸಮಾನ ನಾಗರಿಕತ್ವ ಸಿಕ್ಕಿತು. ಎಂಟೇ ವರ್ಷದಲ್ಲಿ, 1879ರಲ್ಲಿ, ಬರ್ಲಿನ್ನಿನ ಹೆಸರಾಂತ ಇತಿಹಾಸಕಾರ ಟ್ರೈಟ್ಶ್‌ಕೆ ‘ಯಹೂದಿಗಳೇ ನಮ್ಮ ದೌರ್ಭಾಗ್ಯ’ ಎಂಬ ಮಾತನ್ನು ಬರೆದು ವಿಶ್ವವಿದ್ಯಾಲಯಗಳಲ್ಲಿ ಈ ದ್ವೇಷಕ್ಕೆ ಮರ್ಯಾದೆ ತಂದುಕೊಟ್ಟ. 1893ರ ಚುನಾವಣೆಯಲ್ಲಿ ಯಹೂದಿವಿರೋಧಿ ಪಕ್ಷಗಳು ಸಂಸತ್ತಿನಲ್ಲಿ 16 ಸ್ಥಾನ ಗೆದ್ದವು. ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಆ ಪಕ್ಷಗಳು ಸೊರಗಿ ಹೋಗಿದ್ದವು. ಫ್ರಾನ್ಸಿನಲ್ಲಿ 1894ರಲ್ಲಿ ದೇಶದ್ರೋಹದ ಸುಳ್ಳು ಆರೋಪಕ್ಕೆ ಸಿಕ್ಕಿದ ಯಹೂದಿ ಸೇನಾಧಿಕಾರಿ ಡ್ರೇಫಸ್ 1906ರಲ್ಲಿ ನಿರ್ದೋಷಿ ಎಂದು ಘೋಷಿತನಾದ. ಯಹೂದಿಗಳನ್ನು ಬೀದಿಯಲ್ಲಿ ಕೊಲ್ಲುವುದು ಜಾರ್‌ನ ರಷ್ಯಾದಲ್ಲಿ ನಡೆಯುವ ಸಂಗತಿ ಎಂದು ಜರ್ಮನ್ ಯಹೂದಿಗಳು ಭಾವಿಸಿದ್ದರು: 1881ರ ನಂತರದ ದೊಂಬಿಗಳು, 1903ರ ಕಿಷಿನೆವ್ ನಗರದ ಹತ್ಯಾಕಾಂಡ. ಮಹಾಯುದ್ಧದಲ್ಲಿ ಸುಮಾರು 1 ಲಕ್ಷ ಯಹೂದಿಗಳು ಜರ್ಮನ್ ಸೇನೆಯಲ್ಲಿ ದುಡಿದರು, 12,000 ಮಂದಿ ಸತ್ತರು. ಆ ಯುದ್ಧದ ನಡುವೆಯೇ, 1916ರಲ್ಲಿ, ‘ಯಹೂದಿಗಳು ರಣರಂಗ ತಪ್ಪಿಸಿಕೊಳ್ಳುತ್ತಿದ್ದಾರೆಯೇ’ ಎಂದು ನೋಡಲು ಸೇನೆ ತಲೆ ಎಣಿಸಿತು. ಫಲಿತಾಂಶವನ್ನು ಮಾತ್ರ ಪ್ರಕಟಿಸಲಿಲ್ಲ. 1922ರಲ್ಲಿ ಯಹೂದಿಯಾಗಿದ್ದ ವಿದೇಶಾಂಗ ಮಂತ್ರಿ ರಾಟೆನೌ ಅವರನ್ನು ಹಾಡಹಗಲೇ ಗುಂಡಿಕ್ಕಿ ಕೊಂದರು. ಇಷ್ಟನ್ನೆಲ್ಲ ಕಂಡ ಮನೆತನಗಳು ಅವು. ದ್ವೇಷದ ಅಲೆ ಏರುತ್ತದೆ, ಇಳಿಯುತ್ತದೆ, ಕಾನೂನು ಮಾತ್ರ ಕೈಬಿಡುವುದಿಲ್ಲ ಎಂಬುದು ಅರವತ್ತು ವರ್ಷ ಅವರಿಗೆ ಕಲಿಸಿದ್ದ ಪಾಠ. 1933ರ ನಂತರ ಹೊಡೆತ ಬಂದದ್ದು ಕಾನೂನಿನ ಕಡೆಯಿಂದಲೇ.

ಅದೂ ಒಂದೇ ಏಟಿಗೆ ಬರಲಿಲ್ಲ. 1933ರ ಏಪ್ರಿಲ್ 1ರಂದು ಅಂಗಡಿಗಳ ಬಹಿಷ್ಕಾರ, ಒಂದೇ ದಿನ. ಏಪ್ರಿಲ್ 7ರಂದು ಸರ್ಕಾರಿ ನೌಕರಿಯಿಂದ ಯಹೂದಿಗಳನ್ನು ತೆಗೆಯುವ ಕಾಯ್ದೆ. ಅದರಲ್ಲಿ ಯುದ್ಧರಂಗದಲ್ಲಿ ಹೋರಾಡಿದವರಿಗೆ ವಿನಾಯಿತಿ ಇತ್ತು. ಅಧ್ಯಕ್ಷ ಹಿಂಡೆನ್‌ಬುರ್ಗ್ ಹಟ ಹಿಡಿದು ಹಾಕಿಸಿದ್ದು. ವಕೀಲರಿಗೂ ಅಂಥದೇ ವಿನಾಯಿತಿ ಇದ್ದುದರಿಂದ ಯಹೂದಿ ವಕೀಲರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೋರ್ಟಿಗೆ ಹೋಗುತ್ತಲೇ ಇದ್ದರು. ಆ ವರ್ಷ ಸುಮಾರು 37,000 ಮಂದಿ ದೇಶ ಬಿಟ್ಟರು. ಬಹುಪಾಲು ಜನ ಹೋದದ್ದು ಪಕ್ಕದ ಫ್ರಾನ್ಸ್, ಹಾಲೆಂಡ್, ಜೆಕೊಸ್ಲೊವಾಕಿಯಾಗಳಿಗೆ, ಗಲಾಟೆ ತಣ್ಣಗಾದ ಮೇಲೆ ಮರಳಬಹುದೆಂಬ ಲೆಕ್ಕದಲ್ಲಿ. ಕೆಲವು ಸಾವಿರ ಜನ ಮರಳಿಯೂ ಬಂದರು; 1935ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಹಾಗೆ ಬಂದವರನ್ನು ಸೆರೆಶಿಬಿರಕ್ಕೆ ಹಾಕತೊಡಗಿದ ಮೇಲೆ ಅದು ನಿಂತಿತು. 1934ರಿಂದ 1937ರವರೆಗೆ ಹೊರಟವರ ಸಂಖ್ಯೆ ವರ್ಷಕ್ಕೆ 21,000ದಿಂದ 25,000ದ ನಡುವೆಯೇ ಆಡಿತು. 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾಯ್ದೆಗಳು ಯಹೂದಿಗಳ ನಾಗರಿಕತ್ವದ ಹಕ್ಕು ಕಿತ್ತುಕೊಂಡವು, ಜರ್ಮನ್ನರೊಡನೆ ಮದುವೆ ನಿಷೇಧಿಸಿದವು. ವಿಚಿತ್ರವೆಂದರೆ, ‘ಕೊನೆಗೂ ಒಂದು ಗೆರೆ ಎಳೆದರಲ್ಲ, ಇನ್ನು ಆ ಗೆರೆಯ ಒಳಗಾದರೂ ಬದುಕಬಹುದು’ ಎಂದು ಅದನ್ನೇ ಸಮಾಧಾನವಾಗಿ ಓದಿದವರೂ ಇದ್ದರು. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಬೀದಿಯ ಯಹೂದಿವಿರೋಧಿ ಫಲಕಗಳನ್ನು ತೆಗೆಸಿದ್ದು ಆ ಓದಿಗೆ ಇನ್ನಷ್ಟು ಬಲ ಕೊಟ್ಟಿತು.

ಈಗ ದುಡ್ಡಿನ ವಿಚಾರಕ್ಕೆ ಬರೋಣ. ‘ದುಡ್ಡಿದ್ದವರು ಹೋಗಬಹುದಿತ್ತಲ್ಲ’ ಎನ್ನುವವರು ಇಲ್ಲಿಯೇ ಎಡವುತ್ತಾರೆ.

ಜರ್ಮನಿಯಲ್ಲಿ ‘ಪಲಾಯನ ತೆರಿಗೆ’ ಎಂದೊಂದಿತ್ತು. ಇದನ್ನು ತಂದದ್ದು ನಾಜಿಗಳಲ್ಲ. 1931ರಲ್ಲಿ, ಆರ್ಥಿಕ ಕುಸಿತದ ನಡುವೆ, ಶ್ರೀಮಂತರು ಬಂಡವಾಳ ಹೊತ್ತು ಹೋಗದಿರಲೆಂದು ಹಿಂದಿನ ಸರ್ಕಾರವೇ ತಂದದ್ದು. 2 ಲಕ್ಷ ಮಾರ್ಕ್‌ಗಿಂತ ಹೆಚ್ಚು ಆಸ್ತಿ ಇದ್ದವರು ದೇಶ ಬಿಡುವಾಗ ಕಾಲು ಭಾಗ ಕಟ್ಟಬೇಕಿತ್ತು. 1934ರಲ್ಲಿ ನಾಜಿಗಳು ಆ ಮಿತಿಯನ್ನು 50,000ಕ್ಕೆ ಇಳಿಸಿದರು. ಆಗ ಮಧ್ಯಮ ವರ್ಗದ ಮನೆ, ಅಂಗಡಿ, ವಿಮೆ ಎಲ್ಲ ಲೆಕ್ಕಕ್ಕೆ ಸಿಕ್ಕವು. ಈ ತೆರಿಗೆಯಿಂದ 1932–33ರಲ್ಲಿ ಬಂದದ್ದು ಸುಮಾರು 10 ಲಕ್ಷ ಮಾರ್ಕ್. 1938–39ರಲ್ಲಿ 34 ಕೋಟಿಗೂ ಹೆಚ್ಚು.

ತೆರಿಗೆ ಕಟ್ಟಿ ಉಳಿದದ್ದನ್ನಾದರೂ ಒಯ್ಯಬಹುದಿತ್ತೇ? ಇಲ್ಲ. ಅದು ಬ್ಲಾಕ್ ಮಾಡಿದ ಖಾತೆಗೆ ಹೋಗುತ್ತಿತ್ತು. ಅಲ್ಲಿಂದ ವಿದೇಶಿ ಹಣವಾಗಿ ಪಡೆಯಬೇಕಾದರೆ ಗೋಲ್ಡ್‌ಡಿಸ್ಕೌಂಟ್ ಬ್ಯಾಂಕಿನ ಮೂಲಕ ಹೋಗಬೇಕು, ಆ ಬ್ಯಾಂಕ್ ಹೇಳಿದ ಬೆಲೆಗೆ. 1934ರ ಆರಂಭದಲ್ಲಿ ಬ್ಯಾಂಕ್ ಮುರಿದುಕೊಳ್ಳುತ್ತಿದ್ದದ್ದು ನೂರಕ್ಕೆ 20. 1936ರ ಅಕ್ಟೋಬರಿನಲ್ಲಿ 81, 1938ರ ಜೂನ್‌ನಲ್ಲಿ 90, 1939ರ ಸೆಪ್ಟೆಂಬರಿನಲ್ಲಿ 96. ಮೊದಲ ವರ್ಷವೇ ಹೊರಟವನು ಒಂದಷ್ಟು ಉಳಿಸಿಕೊಂಡ. ಕಾದವನು ಕಾದಷ್ಟೂ ಬಡವನಾದ. ಆದರೆ ಮೊದಲ ವರ್ಷ ಹೊರಡಲು ತುರ್ತು ಕಾರಣ ಬಹಳ ಜನರಿಗೆ ಕಾಣಲಿಲ್ಲ. ತುರ್ತು ಕಂಡ ಹೊತ್ತಿಗೆ ಕೈಯಲ್ಲಿ ದುಡ್ಡಿರಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. 1938ರ ಕೊನೆಯಲ್ಲಿ ಒಂದು ಕುಟುಂಬದ ಬಳಿ 1 ಲಕ್ಷ ಮಾರ್ಕ್ ಆಸ್ತಿ ಇದೆ ಎಂದುಕೊಳ್ಳೋಣ. ಪಲಾಯನ ತೆರಿಗೆ 25,000. ನವೆಂಬರ್ ದೊಂಬಿಯ ನಂತರ (ಅದರ ವಿಚಾರ ಮುಂದೆ ಬರುತ್ತದೆ), ದೊಂಬಿಗೆ ಈಡಾದ ಯಹೂದಿಗಳ ಮೇಲೆಯೇ ಸರ್ಕಾರ 100 ಕೋಟಿ ಮಾರ್ಕ್ ದಂಡ ಹಾಕಿತು. 5,000 ಮಾರ್ಕ್‌ಗಿಂತ ಹೆಚ್ಚು ಆಸ್ತಿ ಇದ್ದ ಪ್ರತಿಯೊಬ್ಬರೂ ಮೊದಲು ನೂರಕ್ಕೆ 20ರಂತೆ, ಆಮೇಲೆ 25ರಂತೆ, ಕಂತಿನಲ್ಲಿ ಕಟ್ಟಬೇಕು. ಅದು ಇನ್ನೊಂದು 25,000. ಉಳಿದ 50,000ಕ್ಕೆ ನೂರಕ್ಕೆ 90ರ ಕಡಿತವನ್ನೇ ಹಿಡಿದರೂ ಗಡಿಯಾಚೆ ಸಿಗುವುದು 5,000 ಮಾರ್ಕ್, ಅಂದಿನ ಅಧಿಕೃತ ದರದಲ್ಲಿ ಸುಮಾರು 2,000 ಡಾಲರ್. ಆಸ್ತಿ ಪೂರ್ಣ ಬೆಲೆಗೆ ಮಾರಾಟವಾಯಿತು ಎಂದು ಭಾವಿಸಿದರೆ ಮಾತ್ರ ಇಷ್ಟು. ಯಹೂದಿಯ ಅಂಗಡಿ ಪೂರ್ಣ ಬೆಲೆಗೆ ಹೋಗುವ ಕಾಲ ಅದಾಗಿರಲಿಲ್ಲ. ಕೊಳ್ಳುವವನಿಗೂ ಗೊತ್ತು, ಮಾರುವವನಿಗೆ ದಾರಿಯಿಲ್ಲ ಎಂದು. ನಗದಾಗಿ ಜೇಬಿನಲ್ಲಿ ಒಯ್ಯಲು ಬಿಡುತ್ತಿದ್ದದ್ದು ತಲೆಗೆ 10 ಮಾರ್ಕ್.

ಇನ್ನೊಂದು ಬಲೆ ಇತ್ತು. 1936ರ ಡಿಸೆಂಬರಿನ ತಿದ್ದುಪಡಿಯ ಪ್ರಕಾರ, ಯಾರಾದರೂ ದೇಶ ಬಿಡುವ ಯೋಚನೆಯಲ್ಲಿದ್ದಾರೆ ಎಂಬ ಅನುಮಾನ ಬಂದರೆ ಸಾಕು, ವಿದೇಶಿ ವಿನಿಮಯ ಕಚೇರಿ ಅವರ ಖಾತೆಗಳನ್ನು ತಡೆಹಿಡಿಯಬಹುದಿತ್ತು. ಆಮೇಲೆ ತಿಂಗಳಿಗೆ ಕಚೇರಿ ಒಪ್ಪಿದ ಮೊತ್ತವಷ್ಟೇ ಕೈಗೆ. ಬ್ಯಾಂಕು, ತೆರಿಗೆ ಕಚೇರಿ, ಪಾಸ್‌ಪೋರ್ಟ್ ಕೊಡುವ ಪೊಲೀಸ್ ಠಾಣೆ ಎಲ್ಲವೂ ಸುದ್ದಿ ಮುಟ್ಟಿಸುತ್ತಿದ್ದವು. ಹೊರಡುವ ಮೊದಲ ಹೆಜ್ಜೆ ಇಟ್ಟ ಕ್ಷಣವೇ ಹೊರಡಲು ಬೇಕಾದ ಹಣ ಕೈತಪ್ಪುತ್ತಿತ್ತು.

ದುಡ್ಡಿಗಿಂತ ಹೆಚ್ಚು ಜನರನ್ನು ತಡೆದದ್ದು ಕಾಗದಪತ್ರ. 1938–39ರಲ್ಲಿ ಬರ್ಲಿನ್ನಿನಿಂದ ಅಮೆರಿಕಕ್ಕೆ ಹೊರಟ ಕುಟುಂಬವೊಂದು ಮಾಡಬೇಕಿದ್ದ ಕೆಲಸ ಹೀಗಿತ್ತು. ಪೊಲೀಸರಿಂದ ಪಾಸ್‌ಪೋರ್ಟ್, 1938ರ ಅಕ್ಟೋಬರ್ 5ರ ನಂತರ ಅದರ ಮೇಲೆ ಕೆಂಪು ಬಣ್ಣದ ‘ಜೆ’ ಅಕ್ಷರ. ಯಹೂದಿಗಳನ್ನು ಗಡಿಯಲ್ಲೇ ಗುರುತಿಸಿ ತಡೆಯಬೇಕೆಂದು ಸ್ವಿಟ್ಜರ್‌ಲೆಂಡ್ ಜರ್ಮನಿಯೊಂದಿಗೆ ನಡೆಸಿದ ಮಾತುಕತೆಯ ಫಲ ಆ ಅಕ್ಷರ. 1939ರ ಜನವರಿ 1ರಿಂದ ಹೆಸರಿನ ಜೊತೆ ಗಂಡಸರಿಗೆ ‘ಇಸ್ರಾಯೆಲ್’, ಹೆಂಗಸರಿಗೆ ‘ಸಾರಾ’ ಎಂದು ಕಡ್ಡಾಯವಾಗಿ ಸೇರಿಸಬೇಕು. ಹೆಸರು ಬದಲಾದರೆ ದಾಖಲೆಗಳೂ ಬದಲಾಗಬೇಕು. ತೆರಿಗೆ ಕಚೇರಿಯಿಂದ ‘ಬಾಕಿ ಇಲ್ಲ’ ಎಂಬ ಪ್ರಮಾಣಪತ್ರ. ಪಲಾಯನ ತೆರಿಗೆ, ದಂಡದ ಕಂತು, ಸ್ಥಳೀಯ ತೆರಿಗೆ ಎಲ್ಲ ತೀರಿಸಿದ ಮೇಲೆ. ನಂತರ ಒಯ್ಯುವ ಸಾಮಾನಿನ ಪಟ್ಟಿ. ಚಮಚ, ಬಟ್ಟೆ, ಹೊಲಿಗೆ ಯಂತ್ರ, ಪುಸ್ತಕ ಒಂದೊಂದನ್ನೂ ಬರೆದು ಯಾವಾಗ ಕೊಂಡದ್ದು ಎಂದು ತೋರಿಸಬೇಕು. 1933ಕ್ಕೆ ಮುಂಚಿನದಾದರೆ ಪರವಾಗಿಲ್ಲ. ಹೊಸದಾಗಿ ಕೊಂಡದ್ದಾದರೆ ಅದರ ಬೆಲೆಯಷ್ಟನ್ನೇ ಮತ್ತೊಮ್ಮೆ ಕಟ್ಟಬೇಕಾಗಬಹುದು. ಪೆಟ್ಟಿಗೆ ಕಟ್ಟುವಾಗ ಸುಂಕದ ಅಧಿಕಾರಿ ಎದುರಿಗಿರಬೇಕು. 1939ರ ಫೆಬ್ರವರಿಯ ನಂತರ ಚಿನ್ನ, ಬೆಳ್ಳಿ, ಹರಳುಗಳನ್ನು ನಗರದ ಸರ್ಕಾರಿ ಗಿರವಿ ಕಚೇರಿಗೆ ಒಪ್ಪಿಸಿ, ಮದುವೆಯುಂಗುರ, ಕೈಗಡಿಯಾರ, ಉಣ್ಣಲು ಒಂದಿಷ್ಟು ಬೆಳ್ಳಿ ಚಮಚಗಳನ್ನಷ್ಟೇ ಇಟ್ಟುಕೊಳ್ಳಬೇಕು.

ಇದು ಜರ್ಮನಿಯ ಕಡೆಯದು. ಅಮೆರಿಕದ ಕಡೆಯದು ಬೇರೆಯೇ ಇತ್ತು: ವೀಸಾ ಅರ್ಜಿ 5 ಪ್ರತಿ, ಜನನ ಪತ್ರ 2 ಪ್ರತಿ, ಜರ್ಮನ್ ಪೊಲೀಸರಿಂದ ನಡತೆ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಅಮೆರಿಕದಲ್ಲಿರುವ ಇಬ್ಬರು ಜಾಮೀನುದಾರರ ಅಫಿಡವಿಟ್, ಅವರ ಆದಾಯ ತೆರಿಗೆಯ ನಕಲು, ಬ್ಯಾಂಕ್ ಪತ್ರ. ಯುದ್ಧ ಶುರುವಾದ ಮೇಲೆ ಹಡಗಿನ ಟಿಕೆಟ್ ಕಾದಿರಿಸಿದ ದಾಖಲೆಯೂ ಬೇಕಾಯಿತು.

ಪೊಲೀಸ್ ಪ್ರಮಾಣಪತ್ರ ಕೊಡುವುದು ಯಾರು? ಅದೇ ನಾಜಿ ಸರ್ಕಾರದ ಪೊಲೀಸ್. ಅಮೆರಿಕದ ಅಧಿಕಾರಿಗಳಿಗೆ ಇದು ಗೊತ್ತಿದ್ದೂ ಕೇಳುತ್ತಿದ್ದರು. ಆದರೆ ನಿಜವಾಗಿ ಕೆಲಸ ಕೆಡುತ್ತಿದ್ದದ್ದು ಅವಧಿಯಲ್ಲಿ. ಪ್ರತಿ ಕಾಗದಕ್ಕೂ ಒಂದು ಗಡುವು: ಅಮೆರಿಕದ ವೀಸಾಗೆ ನಾಲ್ಕು ತಿಂಗಳು, ತೆರಿಗೆ ಪತ್ರಕ್ಕೆ ಅದಕ್ಕಿಂತ ಕಡಿಮೆ, ನಡುವಿನ ದೇಶಗಳನ್ನು ಹಾದುಹೋಗುವ ಟ್ರಾನ್ಸಿಟ್ ವೀಸಾಕ್ಕೆ ಅದರದೇ ದಿನಾಂಕ. ಎಲ್ಲವೂ ಒಂದೇ ದಿನ ಒಟ್ಟಿಗೆ ಜೀವಂತವಾಗಿರಬೇಕು. ಒಂದು ಸತ್ತರೆ ಅದನ್ನು ನೆಚ್ಚಿದ ಉಳಿದವೂ ಸಾಯುತ್ತವೆ, ಮತ್ತೆ ಮೊದಲಿಂದ. ಹಡಗು ರದ್ದಾಯಿತು, ಜಾಮೀನು ನಿಂತಿದ್ದ ನೆಂಟ ಕೆಲಸ ಕಳೆದುಕೊಂಡ, ಊರಿನ ಕಚೇರಿಯ ಗುಮಾಸ್ತ ಎರಡು ವಾರ ರಜೆ ಹಾಕಿದ: ಇಂಥ ಸಣ್ಣ ಕಾರಣಗಳು ಆ ಕಾಲದಲ್ಲಿ ಜೀವ ತೆಗೆಯುವಷ್ಟು ದೊಡ್ಡವಾಗಿದ್ದವು.

ಹಾಗಾದರೆ ಹೋಗುವುದಾದರೂ ಎಲ್ಲಿಗೆ? ಅಮೆರಿಕದ 1924ರ ಕಾಯ್ದೆ ಪ್ರತಿ ದೇಶಕ್ಕೂ ವಾರ್ಷಿಕ ಕೋಟಾ ನಿಗದಿ ಮಾಡಿತ್ತು. ಜರ್ಮನಿಗೆ 25,957, ಆಸ್ಟ್ರಿಯಾ ಸೇರಿದ ಮೇಲೆ 27,370. ಇದು ಯಹೂದಿಗಳಿಗಷ್ಟೇ ಮೀಸಲಾದದ್ದಲ್ಲ, ಎಲ್ಲ ಜರ್ಮನ್ನರಿಗೂ ಸೇರಿ. ಆ ಸಣ್ಣ ಕೋಟಾ ಕೂಡ ಮೊದಲ ಐದು ವರ್ಷ ಭರ್ತಿಯಾಗಲಿಲ್ಲ. ‘ಸರ್ಕಾರಕ್ಕೆ ಹೊರೆಯಾಗಬಹುದಾದವರಿಗೆ’ ವೀಸಾ ಕೊಡಬೇಡಿ ಎಂಬ ನಿಯಮವನ್ನು 1930ರಲ್ಲಿ ಬಿಗಿ ಮಾಡಿದ್ದರು. 1933ರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬಡವನನ್ನು ಆ ನಿಯಮ ತಡೆಯಿತು, ಶ್ರೀಮಂತನನ್ನು ಜರ್ಮನಿಯೇ ಬಡವನನ್ನಾಗಿ ಮಾಡಿ ಅದೇ ನಿಯಮದ ಕೈಗೆ ಕೊಟ್ಟಿತು. ಕೋಟಾ ಪೂರ್ತಿಯಾಗಿ ಬಳಕೆಯಾದದ್ದು 1939ರಲ್ಲಿ. ಆ ವರ್ಷದ ಜೂನ್ ಹೊತ್ತಿಗೆ ಸರದಿಯಲ್ಲಿ ನಿಂತವರು 3 ಲಕ್ಷಕ್ಕೂ ಹೆಚ್ಚು. ಎಂದರೆ ಕೊನೆಯ ಸಂಖ್ಯೆಯವನ ಪಾಳಿ ಬರಲು ಹನ್ನೊಂದು ವರ್ಷ. 20,000 ಮಕ್ಕಳನ್ನು ಕೋಟಾ ಮೀರಿ ಕರೆಸಿಕೊಳ್ಳುವ ಮಸೂದೆಯೊಂದು 1939ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯಲ್ಲೇ ಸತ್ತಿತು.

ಪ್ಯಾಲೆಸ್ತೀನಿನ ಬಾಗಿಲ ಕೀಲಿ ಬ್ರಿಟಿಷರ ಕೈಯಲ್ಲಿತ್ತು. 1,000 ಪೌಂಡ್ ತೋರಿಸಿದವರಿಗೆ ಪ್ರತ್ಯೇಕ ದಾರಿ. ಉಳಿದವರಿಗೆ ಸೀಮಿತ ಪ್ರಮಾಣಪತ್ರಗಳು. ಆ ಸಾವಿರ ಪೌಂಡನ್ನು ಜರ್ಮನಿಯಿಂದ ಹೊರಗೆ ತರುವುದು ಹೇಗೆ? ಅದಕ್ಕೆಂದೇ 1933ರ ಆಗಸ್ಟ್‌ನಲ್ಲಿ ಜಿಯೋನಿಸ್ಟ್ ಸಂಸ್ಥೆಗಳು (ಪ್ಯಾಲೆಸ್ತೀನಿನಲ್ಲಿ ಯಹೂದಿ ನೆಲೆ ಬೇಕೆಂದವರು) ಜರ್ಮನ್ ಸರ್ಕಾರದೊಂದಿಗೆ ‘ಹಾವರಾ’ ಒಪ್ಪಂದ ಮಾಡಿಕೊಂಡವು. ಹೊರಡುವವನು ಜರ್ಮನಿಯಲ್ಲಿ ಮಾರ್ಕ್ ಕಟ್ಟುತ್ತಾನೆ, ಆ ಹಣದಿಂದ ಜರ್ಮನ್ ಯಂತ್ರ, ಕೊಳವೆ, ಗೊಬ್ಬರ ಕೊಂಡು ಪ್ಯಾಲೆಸ್ತೀನಿಗೆ ಸಾಗಿಸಿ ಮಾರುತ್ತಾರೆ, ಬಂದ ಪೌಂಡ್ ಅವನಿಗೆ ಸಿಗುತ್ತದೆ. ಜರ್ಮನ್ ಸರಕನ್ನು ಬಹಿಷ್ಕರಿಸಿ ಎಂದು ಅಮೆರಿಕದ ಯಹೂದಿಗಳು ಕೂಗುತ್ತಿದ್ದಾಗಲೇ ಇದು ನಡೆದದ್ದರಿಂದ ಆಗಲೂ ಜಗಳ, ಈಗಲೂ ಜಗಳ. ನನ್ನ ಮಟ್ಟಿಗೆ ಹೇಳುವುದಾದರೆ, ಬೇರೆ ಯಾವ ವ್ಯವಸ್ಥೆಯೂ ಅಷ್ಟು ಆಸ್ತಿಯನ್ನಾಗಲೀ ಅಷ್ಟು ಜನರನ್ನಾಗಲೀ ಹೊರತರಲಿಲ್ಲ. ಜರ್ಮನಿಯಿಂದ ಪ್ಯಾಲೆಸ್ತೀನ್ ಸೇರಿದವರು 50,000ಕ್ಕೂ ಹೆಚ್ಚು. ಆದರೆ ಅರಬರ ದಂಗೆಯ ನಂತರ, 1939ರ ಮೇ ತಿಂಗಳಲ್ಲಿ ಬ್ರಿಟನ್ ಒಂದು ಶ್ವೇತಪತ್ರ ಹೊರಡಿಸಿ ಮುಂದಿನ ಐದು ವರ್ಷಕ್ಕೆ ಒಟ್ಟು 75,000 ಎಂದು ಮಿತಿ ಹಾಕಿತು.

1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಈ ವಿಷಯಕ್ಕೆಂದೇ ಸೇರಿದವು. ಎಲ್ಲರೂ ಕನಿಕರ ತೋರಿದರು, ಬಹುತೇಕ ಯಾರೂ ಕೋಟಾ ಏರಿಸಲಿಲ್ಲ. ತಮ್ಮಲ್ಲಿ ಜನಾಂಗ ಸಮಸ್ಯೆ ಇಲ್ಲ, ಅದನ್ನು ಆಮದು ಮಾಡಿಕೊಳ್ಳುವ ಆಸೆಯೂ ಇಲ್ಲ ಎಂದು ಆಸ್ಟ್ರೇಲಿಯಾದ ಪ್ರತಿನಿಧಿ ನೇರವಾಗಿಯೇ ಹೇಳಿದ. ಡೊಮಿನಿಕನ್ ಗಣರಾಜ್ಯ 1 ಲಕ್ಷ ಜನರಿಗೆ ಜಾಗ ಕೊಡುವುದಾಗಿ ಹೇಳಿತು. ಕೊನೆಗೆ ಅಲ್ಲಿನ ಸೊಸುವಾ ಎಂಬ ಊರಿನಲ್ಲಿ ನೆಲೆಸಿದವರು ಕೆಲವು ನೂರು.

ಆ ವರ್ಷದ ಮಾರ್ಚ್‌ನಿಂದ ನವೆಂಬರ್‌ವರೆಗೆ ಎಲ್ಲ ಬದಲಾಯಿತು. ಮಾರ್ಚ್‌ನಲ್ಲಿ ಆಸ್ಟ್ರಿಯಾ ವಶವಾಯಿತು, ಸುಮಾರು 1.9 ಲಕ್ಷ ಯಹೂದಿಗಳ ಸಮೇತ. ಆಗಸ್ಟ್‌ನಲ್ಲಿ ನಾಜಿ ಅಧಿಕಾರಿ ಐಖ್‌ಮನ್ ವಿಯೆನ್ನಾದ ರಾಥ್‌ಶೀಲ್ಡ್ ಅರಮನೆಯಲ್ಲಿ ‘ಯಹೂದಿ ವಲಸೆಯ ಕೇಂದ್ರ ಕಚೇರಿ’ ತೆರೆದ. ಬೇರೆ ಬೇರೆ ಇಲಾಖೆಗಳ ಮೇಜುಗಳನ್ನು ಒಂದೇ ಸೂರಿನಡಿ ಸಾಲಾಗಿ ಹಾಕಿಸಿದ್ದ. ಒಂದು ತುದಿಯಲ್ಲಿ ಆಸ್ತಿ, ಅಂಗಡಿ, ಬ್ಯಾಂಕ್ ಖಾತೆ ಇರುವ ಮನುಷ್ಯ ಒಳಗೆ ಹೋಗುತ್ತಾನೆ, ಇನ್ನೊಂದು ತುದಿಯಲ್ಲಿ ಬರೀ ಪಾಸ್‌ಪೋರ್ಟ್ ಹಿಡಿದು ಹೊರಗೆ ಬರುತ್ತಾನೆ. 1961ರಲ್ಲಿ ಐಖ್‌ಮನ್ ಮೇಲೆ ಜೆರುಸಲೆಂನಲ್ಲಿ ನಡೆದ ವಿಚಾರಣೆಯಲ್ಲಿ ಸಾಕ್ಷಿಯೊಬ್ಬರು ಇದನ್ನು ಹಿಟ್ಟಿನ ಗಿರಣಿಗೆ ಹೋಲಿಸಿದರು. ಶ್ರೀಮಂತರಿಂದ ಕಿತ್ತ ಹಣದಲ್ಲೇ ಬಡವರ ಪ್ರಯಾಣದ ಖರ್ಚು ತೂಗಿಸುತ್ತಿದ್ದರು. 1939ರ ಕೊನೆಯೊಳಗೆ ಆಸ್ಟ್ರಿಯಾದಿಂದ 1.1 ಲಕ್ಷಕ್ಕೂ ಹೆಚ್ಚು ಜನ ಹೊರಬಿದ್ದರು. ಜರ್ಮನಿಯಲ್ಲಿ ಐದು ವರ್ಷ ತೆಗೆದುಕೊಂಡದ್ದು ಅಲ್ಲಿ ಒಂದೂವರೆ ವರ್ಷದಲ್ಲಿ ಮುಗಿಯಿತು.

ಅಕ್ಟೋಬರ್ ಕೊನೆಯಲ್ಲಿ ಜರ್ಮನಿಯಲ್ಲಿದ್ದ ಸುಮಾರು 17,000 ಪೋಲಿಷ್ ಯಹೂದಿಗಳನ್ನು ರಾತ್ರೋರಾತ್ರಿ ಗಡಿಗೆ ಅಟ್ಟಿದರು. ಪೋಲೆಂಡ್ ಒಳಗೆ ಬಿಡಲಿಲ್ಲ. ಹಾಗೆ ಅಟ್ಟಿಸಿಕೊಂಡ ಕುಟುಂಬವೊಂದರ ಹದಿನೇಳರ ಹುಡುಗ ಗ್ರಿನ್‌ಸ್ಪಾನ್ ಪ್ಯಾರಿಸ್ಸಿನಲ್ಲಿ ಜರ್ಮನ್ ರಾಜತಾಂತ್ರಿಕನೊಬ್ಬನಿಗೆ ಗುಂಡು ಹೊಡೆದ. ಅದನ್ನೇ ನೆಪ ಮಾಡಿಕೊಂಡು ನವೆಂಬರ್ 9–10ರ ರಾತ್ರಿ ದೇಶದಾದ್ಯಂತ ಯಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು, ಸುಮಾರು 7,500 ಅಂಗಡಿ ಒಡೆದರು. ವಿಮೆ ಕಂಪನಿಗಳು ಕೊಡಬೇಕಿದ್ದ ಪರಿಹಾರವನ್ನೂ ಸರ್ಕಾರವೇ ನುಂಗಿತು. ನಮ್ಮ ಪ್ರಶ್ನೆಗೆ ಇದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು: ಸುಮಾರು 30,000 ಯಹೂದಿ ಗಂಡಸರನ್ನು ದಖಾವ್, ಬುಖೆನ್‌ವಾಲ್ಡ್, ಸಾಕ್ಸೆನ್‌ಹೌಸೆನ್ ಶಿಬಿರಗಳಿಗೆ ಒಯ್ದರು. ದೇಶ ಬಿಡುತ್ತೇನೆಂದು ಸಾಬೀತು ಮಾಡಿದವರನ್ನು ಬಿಟ್ಟರು. ಗಂಡ ಶಿಬಿರದಲ್ಲಿ, ಹೊರಗೆ ಹೆಂಡತಿ ಒಂದು ದೂತಾವಾಸದಿಂದ ಇನ್ನೊಂದಕ್ಕೆ ಅಲೆಯುವುದು. ಯಾವ ದೇಶದ್ದಾದರೂ ಸರಿ, ಸುಳ್ಳು ಹೆಸರಿನದಾದರೂ ಸರಿ, ಒಂದು ವೀಸಾ. 1938ರಲ್ಲಿ 40,000 ಇದ್ದ ವಲಸೆ 1939ರಲ್ಲಿ 78,000ಕ್ಕೆ ಏರಿತು. ಹೊರಡುವ ಮನಸ್ಸಿನ ಕೊರತೆ ಆ ದಿನದಿಂದ ಮುಗಿದಿತ್ತು. ಮುಂದಿನದೆಲ್ಲ ಬಾಗಿಲುಗಳ ಕಥೆ.

ಈ ಅವಸರದಲ್ಲಿ ಏನು ಕೆಡುತ್ತಿತ್ತು ಎಂಬುದಕ್ಕೆ ಸೇಂಟ್ ಲೂಯಿಸ್ ಹಡಗೇ ಉದಾಹರಣೆ. 1939ರ ಮೇ 13ರಂದು 937 ಪ್ರಯಾಣಿಕರನ್ನು ಹೊತ್ತು ಹ್ಯಾಂಬರ್ಗ್ ಬಿಟ್ಟಿತು. ಬಹುಪಾಲು ಜನ ಅಮೆರಿಕದ ಕೋಟಾ ಸರದಿಯಲ್ಲಿದ್ದವರು. ಪಾಳಿ ಬರುವವರೆಗೆ ಕ್ಯೂಬಾದಲ್ಲಿ ಕಾಯುವುದೆಂದು ಅಲ್ಲಿನ ವಲಸೆ ಅಧಿಕಾರಿ ಮಾರಿದ ಇಳಿಯುವ ಪರವಾನಗಿ ಕೊಂಡಿದ್ದರು. ಹಡಗು ಹೊರಡುವ ಎಂಟು ದಿನ ಮುಂಚೆ ಕ್ಯೂಬಾ ಸರ್ಕಾರ ಆ ಪರವಾನಗಿಗಳನ್ನು ಅಸಿಂಧು ಮಾಡಿತ್ತು. ಹವಾನಾದಲ್ಲಿ ಇಳಿಯಲು ಬಿಟ್ಟದ್ದು 28 ಜನರನ್ನು. ಫ್ಲಾರಿಡಾದ ದೀಪಗಳು ಕಾಣುವಷ್ಟು ಹತ್ತಿರ ಹೋದರೂ ಅಮೆರಿಕ ಒಪ್ಪಲಿಲ್ಲ. ಕೊನೆಗೆ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಅವರನ್ನು ಹಂಚಿಕೊಂಡವು. ಮುಂದಿನ ವರ್ಷ ಜರ್ಮನ್ ಸೇನೆ ಕೊನೆಯ ಮೂರು ದೇಶಗಳಿಗೂ ನುಗ್ಗಿತು. ಹಿಂದಿರುಗಿದವರಲ್ಲಿ 254 ಮಂದಿ ಸತ್ತರು.

ಯಾರು ಹೋದರು, ಯಾರು ಉಳಿದರು ಎಂಬುದರಲ್ಲಿ ಒಂದು ಕ್ರಮವಿದೆ. ಯುವಕರು ಹೋದರು. ಬ್ರಿಟನ್ ಸುಮಾರು 10,000 ಮಕ್ಕಳನ್ನು 1938ರ ಡಿಸೆಂಬರ್ ನಂತರ ಸ್ವೀಕರಿಸಿತು, ಹೆತ್ತವರನ್ನು ಬಿಟ್ಟು ಬರಬೇಕೆಂಬ ಷರತ್ತಿನ ಮೇಲೆ. ಮನೆಗೆಲಸದ ಪರವಾನಗಿಯ ಮೇಲೆ ಸುಮಾರು 20,000 ಜನ, ಹೆಚ್ಚಿನವರು ಹೆಂಗಸರು, ಅಲ್ಲಿಗೇ ಹೋದರು. ಬರ್ಲಿನ್ನಿನಲ್ಲಿ ಆಳುಕಾಳು ಇಟ್ಟುಕೊಂಡಿದ್ದವರು ಲಂಡನ್ನಿನಲ್ಲಿ ಅಡುಗೆಯವರಾದರು. ವಕೀಲರಿಗೆ ಕಷ್ಟ ಹೆಚ್ಚು, ಜರ್ಮನ್ ಕಾನೂನು ಬೇರೆಲ್ಲೂ ನಡೆಯದು. ಕಸುಬು ಬಲ್ಲ ಮೆಕ್ಯಾನಿಕ್, ಬಡಗಿ, ರೈತನಿಗೆ ಬೇಡಿಕೆ ಇತ್ತು, ಅದಕ್ಕೆಂದೇ ಯಹೂದಿ ಸಂಘಗಳು ತರಬೇತಿ ತೋಟಗಳನ್ನು ನಡೆಸಿದವು. ಉಳಿದವರು ಹೆಚ್ಚಾಗಿ ವಯಸ್ಸಾದವರು, ವಿಧವೆಯರು, ಮುದಿ ತಂದೆತಾಯಿಯನ್ನು ಬಿಟ್ಟುಹೋಗಲಾರದ ಹೆಣ್ಣುಮಕ್ಕಳು. 1939ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚು.

ಮೊದಲೇ ಹೊರಟವರೆಲ್ಲ ಉಳಿದುಕೊಂಡರು ಎಂದೂ ಅಲ್ಲ. ಆನ್ ಫ್ರಾಂಕ್‌ಳ ಕುಟುಂಬ ನಿಮ್ಮ ಪ್ರಶ್ನೆ ಬಯಸುವುದನ್ನೇ ಮಾಡಿತ್ತು: ಅವಳ ತಂದೆ ಒಟ್ಟೊ ಫ್ರಾಂಕ್ 1933ರಲ್ಲೇ ಫ್ರಾಂಕ್‌ಫರ್ಟ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್ ಸೇರಿ ವ್ಯಾಪಾರ ಹೂಡಿದರು. 1938ರಲ್ಲಿ ಅಮೆರಿಕದ ವೀಸಾಗೆ ಅರ್ಜಿ ಹಾಕಿದರು. 1940ರ ಮೇ 14ರಂದು ಜರ್ಮನ್ನರು ರಾಟರ್‌ಡ್ಯಾಮ್ ಮೇಲೆ ಬಾಂಬ್ ಹಾಕಿದಾಗ ಅಮೆರಿಕ ದೂತಾವಾಸದಲ್ಲಿದ್ದ ಅರ್ಜಿಗಳು ಸುಟ್ಟುಹೋದವು. 1941ರಲ್ಲಿ ಸಿರಿವಂತ ಅಮೆರಿಕನ್ ಗೆಳೆಯನ ಜಾಮೀನಿನೊಂದಿಗೆ ಮತ್ತೆ ಶುರು ಮಾಡಿದರು. ಅದೇ ಬೇಸಿಗೆಯಲ್ಲಿ ಜರ್ಮನ್ ವಶದ ಪ್ರದೇಶಗಳ ಅಮೆರಿಕ ದೂತಾವಾಸಗಳೆಲ್ಲ ಮುಚ್ಚಿದವು. ಡಿಸೆಂಬರಿನ ಮೊದಲ ದಿನ ಒಂದು ಕ್ಯೂಬಾ ವೀಸಾ ಮಂಜೂರಾಯಿತು; ಹತ್ತು ದಿನದಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು, ವೀಸಾ ರದ್ದಾಯಿತು. ದುಡ್ಡು, ಗೆಳೆಯರು, ಮುಂದಾಲೋಚನೆ ಮೂರೂ ಇದ್ದ ಮನೆ ಅದು.

ವೀಸಾ ಬೇಡದ ಊರು ಒಂದಿತ್ತು, ಶಾಂಘೈ. ಅಲ್ಲಿ ಇಳಿಯಲು ಯಾರೂ ಕಾಗದ ಕೇಳುತ್ತಿರಲಿಲ್ಲ. ಆದರೆ ಜರ್ಮನಿ ಬಿಡಲು ಹೋಗುವ ಜಾಗದ ಪುರಾವೆ ಬೇಕಿತ್ತು. ವಿಯೆನ್ನಾದ ಚೀನೀ ಕಾನ್ಸಲ್ ಹೊ ಫೆಂಗ್ ಶಾನ್ ಮೇಲಧಿಕಾರಿಯ ಮಾತು ಮೀರಿ ಅಂಥ ವೀಸಾಗಳನ್ನು ಬರೆದುಕೊಟ್ಟ. ಜಿನೋವಾ, ಟ್ರಿಯೆಸ್ಟ್‌ಗಳಿಂದ ಇಟಲಿಯ ಹಡಗುಗಳಲ್ಲಿ ಸೂಯೆಜ್, ಬೊಂಬಾಯಿ, ಕೊಲಂಬೊ ದಾಟಿ ಸುಮಾರು 17,000 ಜನ ಅಲ್ಲಿಗೆ ತಲುಪಿದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದು ಆ ಕಡಲದಾರಿ ಮುಚ್ಚಿತು.

ಜರ್ಮನಿಯೊಳಗಿನ ಬಾಗಿಲು ಮುಚ್ಚಿದ್ದು 1941ರ ಶರತ್ಕಾಲದಲ್ಲಿ. ಸೆಪ್ಟೆಂಬರ್ 19ರಿಂದ ಎದೆಯ ಮೇಲೆ ಹಳದಿ ನಕ್ಷತ್ರ ಕಡ್ಡಾಯ. ಅಕ್ಟೋಬರ್ 18ರಂದು ಬರ್ಲಿನ್ನಿನಿಂದ ಮೊದಲ ರೈಲು ಪೂರ್ವಕ್ಕೆ, ಪೋಲೆಂಡಿನ ವೂಚ್ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊಗೆ, ಹೊರಟಿತು. ಅದೇ ತಿಂಗಳು ನಾಜಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಯಹೂದಿಗಳ ವಲಸೆಯನ್ನು ನಿಷೇಧಿಸಿದ. ನವೆಂಬರ್ 25ರ ಆದೇಶದ ಪ್ರಕಾರ, ದೇಶದ ಗಡಿ ದಾಟಿದ ಯಹೂದಿ ನಾಗರಿಕತ್ವ ಕಳೆದುಕೊಳ್ಳುತ್ತಾನೆ, ಅವನ ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಸರ್ಕಾರವೇ ರೈಲಿಗೆ ತುಂಬಿ ಗಡಿ ದಾಟಿಸಿದವರಿಗೂ ಇದೇ ಅನ್ವಯ. ಪಲಾಯನ ತೆರಿಗೆಯ ಕಾಲು ಭಾಗ ಈಗ ಪೂರ್ತಿ ಆಯಿತು.

ಇನ್ನು ಭಾರತದ ವಿಚಾರ. ಬಂದವರು ಸಂಖ್ಯೆಯಲ್ಲಿ ಕಡಿಮೆ, ಏಕೆಂದರೆ ಬ್ರಿಟಿಷ್ ಸರ್ಕಾರ ಇಲ್ಲಿಯೂ ಕೇಳಿದ್ದು ಅದನ್ನೇ: ಕೆಲಸದ ಕರಾರು ಅಥವಾ ಪೋಷಣೆಯ ಜಾಮೀನು. 1934ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ಯಹೂದಿ ಪರಿಹಾರ ಸಂಘ ಹಲವರಿಗೆ ಆ ಜಾಮೀನು ನಿಂತಿತು. ವೈದ್ಯರು, ಎಂಜಿನಿಯರುಗಳು, ಸಂಗೀತಗಾರರು ಬಂದರು. ಯುದ್ಧ ಶುರುವಾದೊಡನೆ ಇವರೂ ‘ಶತ್ರು ದೇಶದ ಪ್ರಜೆಗಳು’ ಎಂದು ಹಲವರನ್ನು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು. ವಿಚಾರಣೆ ಮಾಡಿ ಬಹುಪಾಲು ನಿರಾಶ್ರಿತರನ್ನು ಬಿಟ್ಟರು.

ಬೆಂಗಳೂರಿಗೆ ಸಂಬಂಧಿಸಿದಂತೆ ಇಬ್ಬರ ದಾಖಲೆ ಸ್ಪಷ್ಟವಾಗಿದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು 1933ರ ಏಪ್ರಿಲ್ ಕಾಯ್ದೆಯಡಿ ಗೋಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದರು. ಸಿ. ವಿ. ರಾಮನ್ ಆಹ್ವಾನದ ಮೇರೆಗೆ ಅವರು 1935–36ರ ಚಳಿಗಾಲವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಮಾಡಿದ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರಾಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಇನ್ನೊಬ್ಬರು ಅವರ ಸೋದರಳಿಯ, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪದ ಶಿಂಕೆಲ್ ಪ್ರಶಸ್ತಿ ಪಡೆದ ವರ್ಷವೇ, 1933ರಲ್ಲಿ, ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿದ್ದರು. 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಹಲವು ಕಟ್ಟಡಗಳಿವೆ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರದೇ. ಮುಂದೆ ಭುವನೇಶ್ವರ ನಗರದ ನಕ್ಷೆ ಮಾಡಿದವರೂ ಇವರೇ. ಇಬ್ಬರಿಗೂ ದಾರಿ ತೆರೆದದ್ದು ಕೈಯಲ್ಲಿದ್ದ ಉದ್ಯೋಗದ ಕರೆ. ಅದೊಂದು ಕಾಗದ ಇದ್ದವರಿಗೆ ಜಾಮೀನು, ಕೋಟಾ, ಸರದಿ ಯಾವುದರ ಗೋಜೂ ಅಷ್ಟಾಗಿ ಇರಲಿಲ್ಲ.